ನಕ್ಷತ್ರ ಹಚ್ಚಬೇಕೋ ಬೇಡವೋ: ದುಃಖದ ಮನೆಯಲ್ಲಿ ಆಗಮನ ಕಾಲ

ಅವ್ವ ಹೋಗಿದ್ದು ಅಕ್ಟೋಬರ್‌ನಲ್ಲಿ. ನೋಡುನೋಡುತ್ತಲೇ ನವೆಂಬರ್ ಕೊನೆಯ ಭಾನುವಾರ ಬಂತು. ಬೀದರ್‌ನ ನಮ್ಮ ಓಣಿಯಲ್ಲಿ ಸಂಜೆ ಆರಕ್ಕೆಲ್ಲ ಒಂದೊಂದೇ ಮನೆಯ ಮುಂದೆ ಕ್ರಿಸ್‌ಮಸ್‌ನ ಕಾಗದದ ನಕ್ಷತ್ರ ಬೆಳಗತೊಡಗಿದವು. ನಮ್ಮ ನಕ್ಷತ್ರ ಮಾತ್ರ ಅಟ್ಟದ ಮೇಲೇ ಇತ್ತು. ಹಿಂದಿನ ಜನವರಿಯಲ್ಲಿ ಅವ್ವನೇ ಅದನ್ನು ತನ್ನ ಹಳೇ ಸೀರೆಯಲ್ಲಿ ಸುತ್ತಿ, ಬಿಗಿಯಾಗಿ ಗಂಟು ಹಾಕಿ ಇಟ್ಟಿದ್ದಳು.

"ಈ ವರ್ಷ ಬ್ಯಾಡ" ಅಂದ ಅಣ್ಣ. "ಹುಡುಗ್ರು ಕೇಳ್ಲಾಕತ್ತಾರ್ರಿ" ಅಂದರು ವೈನಿ, ಅಣ್ಣನ ಹೆಂಡತಿ. ಅಪ್ಪ ಏನೂ ಅನ್ನಲಿಲ್ಲ. ಎದ್ದು ಹೊರಗಿನ ಕಟ್ಟೆಯ ಮೇಲೆ ಹೋಗಿ ಕೂತ.

ಸಾವಾದ ಮನೆಯಲ್ಲಿ ಒಂದು ವರ್ಷ ಹಬ್ಬ ಇಲ್ಲ ಅನ್ನೋದು ನಮ್ಮ ಕಡೆ ಯಾವ ಧರ್ಮದ ಮನೆಯಲ್ಲಾದರೂ ಕಾಣುವ ರೂಢಿ. ಅದು ತಪ್ಪು ಅಂತ ನಾನು ಹೇಳುವುದಿಲ್ಲ. ಆದರೆ ಆ ವರ್ಷ ನನಗೆ ಒಂದು ವಿಷಯ ಗೊತ್ತಾಯಿತು. ಕ್ರಿಸ್‌ಮಸ್‌ಗೆ ಮುಂಚಿನ ಈ ನಾಲ್ಕು ವಾರ ಹಬ್ಬವೇ ಅಲ್ಲ. ಇದು ಹಬ್ಬಕ್ಕೆ ಮೊದಲಿನ ಕತ್ತಲು. ದುಃಖದಲ್ಲಿರುವವರನ್ನು ಹೊರಗೆ ನಿಲ್ಲಿಸುವ ಕಾಲ ಅಲ್ಲ, ಅವರನ್ನೇ ಮನಸ್ಸಿನಲ್ಲಿಟ್ಟು ಕಟ್ಟಿದಂತಿರುವ ಕಾಲ. ಇದನ್ನು ನಾನು ಸಣ್ಣವಳಿದ್ದಾಗಿನಿಂದ ಚರ್ಚಿನಲ್ಲಿ ಕೇಳಿರಬಹುದು. ಕಿವಿಗೆ ಬಿದ್ದಿತ್ತು, ಒಳಗೆ ಇಳಿದಿರಲಿಲ್ಲ.

ಆಗಮನ ಕಾಲ ಅಂದರೇನು ಅಂತ ಮೊದಲು ಹೇಳುತ್ತೇನೆ. ಕ್ಯಾಥೊಲಿಕರು 'ಆಗಮನ ಕಾಲ' ಅನ್ನುತ್ತಾರೆ. ಪ್ರೊಟೆಸ್ಟಂಟರ ಒಂದು ಪಂಗಡವಾದ ನಮ್ಮ ಮೆಥೋಡಿಸ್ಟ್ ಮನೆಗಳಲ್ಲಿ 'ಅಡ್ವೆಂಟ್' ಅನ್ನೋದೇ ಜಾಸ್ತಿ. ಲ್ಯಾಟಿನ್ ಭಾಷೆಯ 'ಅಡ್ವೆಂಟುಸ್' ಅಂದರೆ ಬರುವಿಕೆ. ಕ್ರಿಸ್‌ಮಸ್‌ಗೆ ಮುಂಚಿನ ನಾಲ್ಕು ಭಾನುವಾರ ಸೇರಿದ ಕಾಲ ಇದು. ಮೊದಲ ಭಾನುವಾರ ಯಾವಾಗಲೂ ನವೆಂಬರ್ 27 ಮತ್ತು ಡಿಸೆಂಬರ್ 3ರ ನಡುವೆ ಬರುತ್ತದೆ. 2025ರಲ್ಲಿ ಅದು ನವೆಂಬರ್ 30, 2026ರಲ್ಲಿ ನವೆಂಬರ್ 29. ಹಾಗಾಗಿ ಈ ಕಾಲ ಕೆಲವು ವರ್ಷ 22 ದಿನ, ಕೆಲವು ವರ್ಷ 28 ದಿನದವರೆಗೆ ಇರುತ್ತದೆ.

ಚರ್ಚಿನ ಕ್ಯಾಲೆಂಡರಿನಲ್ಲಿ ಹೊಸ ವರ್ಷ ಶುರುವಾಗುವುದೂ ಇಲ್ಲಿಂದಲೇ. ಜನವರಿ 1ರಿಂದ ಅಲ್ಲ, ಕ್ರಿಸ್‌ಮಸ್‌ನಿಂದಲೂ ಅಲ್ಲ. ಅಂದರೆ ವರ್ಷದ ಬಾಗಿಲು ತೆಗೆಯುವುದು ಸಂಭ್ರಮ ಅಲ್ಲ, ಕಾಯುವಿಕೆ. ಈ ವಾರಗಳ ಬಣ್ಣ ನೇರಳೆ. ಈಸ್ಟರ್‌ಗೆ ಮುಂಚಿನ ತಪಸ್ಸಿನ ಕಾಲಕ್ಕೂ ಅದೇ ಬಣ್ಣ. ಕ್ಯಾಥೊಲಿಕ್ ಚರ್ಚುಗಳಲ್ಲಿ ಭಾನುವಾರದ ಪೂಜೆಯಲ್ಲಿ ಹಾಡುವ 'ಮಹಿಮೆ' ಗೀತೆಯನ್ನು ಆಗಮನ ಕಾಲದ ಭಾನುವಾರಗಳಲ್ಲಿ ಹಾಡುವುದಿಲ್ಲ. ಕ್ರಿಸ್‌ಮಸ್ ರಾತ್ರಿಯವರೆಗೆ ಅದನ್ನು ತಡೆದಿಡುತ್ತಾರೆ. ಖುಷಿಯ ಹಾಡು ಇನ್ನೂ ಗಂಟಲಿಗೆ ಬಾರದವರಿಗೆ ಇದರ ಅರ್ಥ ಬಿಡಿಸಿ ಹೇಳಬೇಕಾಗಿಲ್ಲ.

ಆದರೆ ನಮ್ಮ ಊರುಗಳಲ್ಲಿ ಆಗುವುದೇ ಬೇರೆ. ಡಿಸೆಂಬರ್ ಒಂದನೇ ತಾರೀಖಿನಿಂದಲೇ ಪ್ರೀ-ಕ್ರಿಸ್‌ಮಸ್ ಕಾರ್ಯಕ್ರಮ, ಕೇಕು, ಕುಣಿತ, ಸ್ಪೀಕರ್ ಎಲ್ಲ ಶುರು. ಮಕ್ಕಳಿಗೆ ಅದರಲ್ಲಿ ಖುಷಿ ಇದೆ, ಬೇಡ ಅನ್ನಲಾರೆ. ಆದರೆ ಅದರಿಂದ ಒಂದು ನಷ್ಟವೂ ಆಗಿದೆ. ಆಗಮನ ಕಾಲ ಹೆಚ್ಚುಕಡಿಮೆ ಕಾಣೆಯಾಗಿದೆ. ಅದು ಕಾಣೆಯಾದರೆ ಮೊದಲು ಪೆಟ್ಟು ಬೀಳುವುದು ದುಃಖದ ಮನೆಗೆ. ಎಲ್ಲರೂ ಹಬ್ಬ ಮಾಡುವಾಗ ನಾನೊಬ್ಬಳೇ ಅಳುತ್ತಿದ್ದೇನೆ, ನನ್ನ ನಂಬಿಕೆಯಲ್ಲೇ ಏನೋ ಕೊರತೆ ಇದೆ ಅಂತ ಅನ್ನಿಸಲಿಕ್ಕೆ ಶುರುವಾಗುತ್ತದೆ. ನನಗೂ ಹಾಗೇ ಅನ್ನಿಸಿತ್ತು.

ಚರ್ಚುಗಳಲ್ಲಿ ಹಸಿರು ವೃತ್ತದ ಮೇಲೆ ನಾಲ್ಕು ಮೇಣದಬತ್ತಿ ಇಟ್ಟಿರುತ್ತಾರೆ. ಅದು ಹುಟ್ಟಿದ ಕಥೆ ನನಗೆ ತುಂಬಾ ಹಿಡಿಸುತ್ತದೆ. ಜರ್ಮನಿಯ ಹ್ಯಾಂಬರ್ಗ್ ಊರಿನಲ್ಲಿ ಯೋಹಾನ್ ಹಿನ್ರಿಖ್ ವಿಖರ್ನ್ ಎಂಬ ದೇವಶಾಸ್ತ್ರಜ್ಞ 1833ರಲ್ಲಿ ಬಡ, ದಿಕ್ಕಿಲ್ಲದ ಮಕ್ಕಳಿಗೆ ಒಂದು ಮನೆ ಶುರು ಮಾಡಿದರು. ಅಲ್ಲಿನ ಮಕ್ಕಳು ಕ್ರಿಸ್‌ಮಸ್ ಯಾವಾಗ, ಯಾವಾಗ ಅಂತ ದಿನಾ ಕೇಳುತ್ತಿದ್ದರಂತೆ. 1839ರಲ್ಲಿ ಅವರು ಒಂದು ಹಳೇ ಬಂಡಿ ಚಕ್ರ ತಂದು ಅದರ ಮೇಲೆ ಬತ್ತಿಗಳನ್ನು ನಿಲ್ಲಿಸಿದರು. ಭಾನುವಾರಕ್ಕೊಂದು ದೊಡ್ಡ ಬಿಳಿ ಬತ್ತಿ, ಉಳಿದ ದಿನಗಳಿಗೆ ಸಣ್ಣ ಕೆಂಪು ಬತ್ತಿ. ದಿನಕ್ಕೊಂದು ಹಚ್ಚುವುದು. ಎಷ್ಟು ಬತ್ತಿ ಉಳಿದಿವೆ ಅಂತ ಎಣಿಸಿದರೆ ಎಷ್ಟು ದಿನ ಉಳಿದಿದೆ ಅಂತ ಮಗುವಿಗೂ ತಿಳಿಯುತ್ತಿತ್ತು.

ಬಂಡಿ ಚಕ್ರ, ನೋಡಿ. ನಮ್ಮ ಯಾವ ಹಳ್ಳಿಯಲ್ಲಾದರೂ ದನದ ಕೊಟ್ಟಿಗೆ ಪಕ್ಕ ಒಂದು ಮುರುಕು ಚಕ್ರ ಗೋಡೆಗೆ ಒರಗಿ ನಿಂತಿರುತ್ತದೆ. ಇಂದು ನಾವು ಚೆಂದದ ಅಲಂಕಾರ ಅಂದುಕೊಂಡಿರುವುದು ಶುರುವಾಗಿದ್ದು ಹಾಗೆ. ಅಪ್ಪ ಅವ್ವ ಕೈಬಿಟ್ಟ ಅಥವಾ ಕಳೆದುಹೋದ ಮಕ್ಕಳಿಗೆ ಒಂದೊಂದೇ ದಿನ ದಾಟಿಸಲು ಒಬ್ಬ ಮನುಷ್ಯ ಕಂಡುಕೊಂಡ ಉಪಾಯ ಅದು.

ನಾಲ್ಕು ಬತ್ತಿಗಳಿಗೆ ಹೆಸರಿಡುವ ರೂಢಿ ಆಮೇಲೆ ಬಂತು. ಬಹಳ ಚರ್ಚುಗಳಲ್ಲಿ ಮೊದಲನೆಯದು ನಿರೀಕ್ಷೆ, ಆಮೇಲೆ ಸಮಾಧಾನ, ಸಂತೋಷ, ಪ್ರೀತಿ. ಕೆಲವು ಕಡೆ ಈ ಸಾಲು ಸ್ವಲ್ಪ ಬದಲಾಗುತ್ತದೆ. ಸಂತೋಷ ಮೂರನೇ ವಾರಕ್ಕೆ ಬರುತ್ತದೆ ಅನ್ನೋದನ್ನು ಗಮನಿಸಿ. ನಿರೀಕ್ಷೆ ಹಿಡಿಯಲು ಮೊದಲು ಖುಷಿಯಾಗಿರಬೇಕು ಅಂತ ಯಾರೂ ಕೇಳುವುದಿಲ್ಲ. ಮತ್ತೆ, ಮೊದಲ ವಾರ ಹಚ್ಚುವುದು ಒಂದೇ ಬತ್ತಿ. ಅದರಿಂದ ಕೋಣೆಯ ಕತ್ತಲು ಹೋಗುವುದಿಲ್ಲ. ಎದುರಿಗೆ ಕೂತವರ ಮುಖ ಕಾಣುತ್ತದೆ, ಅಷ್ಟೇ.

ಈಗ ನಿರೀಕ್ಷೆ ಅನ್ನುವ ಮಾತಿಗೆ ಬರುತ್ತೇನೆ. ನಂಬಿಕೆ, ಪ್ರೀತಿ ಇವುಗಳ ಜೊತೆಗೆ ಮೂರನೆಯದಾಗಿ ಕನ್ನಡ ಬೈಬಲ್ ಬಳಸುವ ಪದ ಅದು. 'ಆಸೆ' ಅಲ್ಲ. ಇದು ಒಳ್ಳೆಯ ಆಯ್ಕೆ ಅಂತ ನನ್ನ ಭಾವನೆ. ಆಸೆ ಒಳಗಿನದು. ನಿರೀಕ್ಷೆ ಕಣ್ಣಿನದು. ಬರುವವರ ದಾರಿ ನೋಡುವುದು. ನಮ್ಮ ಕಡೆ 'ಹಾದಿ ನೋಡೋದು' ಅನ್ನುತ್ತಾರಲ್ಲ, ಅದು. ಮಗ ಹೈದರಾಬಾದ್‌ನಿಂದ ರಾತ್ರಿ ಬಸ್ಸಿಗೆ ಬರುತ್ತಾನೆ ಅಂದರೆ ಅವ್ವ ಎರಡು ರೊಟ್ಟಿ ಜಾಸ್ತಿ ಬಡಿದು ಮುಚ್ಚಿಡುತ್ತಾಳೆ. ಬಸ್ಸು ತಡವಾಗಬಹುದು, ಅವಳಿಗೆ ಒಳಗೊಳಗೇ ದಿಗಿಲೂ ಇರಬಹುದು. ಆದರೂ ರೊಟ್ಟಿ ಅಲ್ಲಿರುತ್ತದೆ. ನಿರೀಕ್ಷೆ ಅಂದರೆ ಮನಸ್ಸು ಹಗುರಾಗಿರುವುದಲ್ಲ. ಮನಸ್ಸು ಭಾರ ಇದ್ದಾಗಲೂ ಬಾಗಿಲಿಗೆ ಚಿಲಕ ಹಾಕದೆ ಇರುವುದು.

ಹೀಬ್ರೂ ಭಾಷೆಯಲ್ಲಿ ನಿರೀಕ್ಷೆಗೆ 'ತಿಕ್ವಾ' ಅನ್ನುತ್ತಾರೆ. ಅದೇ ಪದಕ್ಕೆ ಹಗ್ಗ, ದಾರ ಅನ್ನೋ ಅರ್ಥವೂ ಇದೆ. ಯೆಹೋಶುವನ ಪುಸ್ತಕದಲ್ಲಿ ರಾಹಾಬಳು ಯೆರಿಕೋ ಊರಿನ ತನ್ನ ಮನೆಯ ಕಿಟಕಿಗೆ ಕೆಂಪು ದಾರ ಕಟ್ಟುತ್ತಾಳೆ. ಅಲ್ಲಿ ಬಳಸಿರುವುದು ಇದೇ ಪದ. ಊರು ಬೀಳುವ ದಿನ ಅವಳ ಮನೆಯವರು ಉಳಿಯುವ ಗುರುತು ಅದೊಂದೇ. ಹಗ್ಗ ಹಿಡಿದವರಿಗೆ ಇನ್ನೊಂದು ತುದಿ ಕಾಣಲೇಬೇಕು ಅಂತಿಲ್ಲ. ಬಾವಿಯಲ್ಲಿ ಕೊಡ ಇಳಿಸಿದ ಹೆಣ್ಣುಮಕ್ಕಳಿಗೆಲ್ಲ ಗೊತ್ತು, ನೀರು ಕಣ್ಣಿಗೆ ಕಾಣದಿದ್ದರೂ ಹಗ್ಗದ ಭಾರ ಕೈಗೆ ಹೇಳುತ್ತದೆ.

ಬೀದರ್‌ನವರಿಗೆ ಇನ್ನೊಂದು ಚಿತ್ರವೂ ಗೊತ್ತು. ನೌಬಾದ್‌ನ ಸುರಂಗ ಬಾವಿ. ಬಹಮನಿ ಕಾಲದಲ್ಲಿ ನೆಲದ ಕೆಳಗೆ ಕಾಲುವೆ ಕೊರೆದು ನೀರು ಹರಿಸಿದರು. ಮೇಲೆ ನಿಂತರೆ ಏನೂ ಗೊತ್ತಾಗುವುದಿಲ್ಲ. ಅಲ್ಲಲ್ಲಿ ನೆಲದಿಂದ ಕೆಳಗೆ ಬಾವಿಯ ಹಾಗೆ ತೂಬು ಇಳಿಸಿದ್ದಾರೆ, ಅಲ್ಲಿಂದ ಗಾಳಿ ಬೆಳಕು ಒಳಗೆ ಬರುತ್ತದೆ. ಒಂದು ತೂಬಿನಿಂದ ಇನ್ನೊಂದಕ್ಕೆ ನಡುವೆ ಕತ್ತಲೇ. ಆಗಮನ ಕಾಲದ ಒಂದು ಭಾನುವಾರದಿಂದ ಇನ್ನೊಂದಕ್ಕೆ ನಾನು ಆ ವರ್ಷ ಹಾಗೇ ನಡೆದೆ. ವಾರದ ನಡುವೆ ಬರೀ ಕತ್ತಲು. ಭಾನುವಾರ ಬಂದಾಗ ಒಂದಿಷ್ಟು ಬೆಳಕು ಮೇಲಿನಿಂದ ಬೀಳುತ್ತಿತ್ತು. ಮುಂದಿನ ಬೆಳಕಿನವರೆಗೆ ನಡೆಯಲು ಅಷ್ಟು ಸಾಕಾಗುತ್ತಿತ್ತು.

ಈ ಕಾಲದಲ್ಲಿ ಚರ್ಚಿನಲ್ಲಿ ಓದುವ ಕಥೆಗಳಲ್ಲಿ ಯಾರು ಯಾರು ಬರುತ್ತಾರೆ ಅಂತ ಒಮ್ಮೆ ಲೆಕ್ಕ ಹಾಕಿ. ಊರು ಕಳೆದುಕೊಂಡು ಬಾಬೆಲಿಗೆ, ಅಂದರೆ ಬ್ಯಾಬಿಲೋನಿಗೆ, ಸೆರೆ ಹೋದ ಜನ. ಮಕ್ಕಳಿಲ್ಲದೆ ಮುದುಕರಾದ ಜಕರೀಯ, ಎಲಿಸಬೇತ್. ಮದುವೆಗೆ ಮುಂಚೆ ಗರ್ಭಿಣಿಯಾದ ಒಬ್ಬ ಬಡ ಹುಡುಗಿ, ಊರವರ ಮುಂದೆ ಅವಳಿಗೆ ಅವಮಾನ ಆಗಬಾರದು ಅಂತ ಅವಳನ್ನು ಗುಟ್ಟಾಗಿ ಬಿಟ್ಟುಬಿಡಬೇಕು ಅಂದುಕೊಂಡಿದ್ದ ಯೋಸೇಫ. ಇವರಲ್ಲಿ ಯಾರ ಮನೆಯಲ್ಲೂ ಎಲ್ಲ ಸರಿ ಇರಲಿಲ್ಲ.

ಸ್ನಾನಿಕ ಯೋಹಾನನನ್ನೇ ತಗೊಳ್ಳಿ. ಯೇಸುವಿಗೆ ದಾರಿ ಮಾಡಿದವನು, ಜನರ ಮುಂದೆ ಧೈರ್ಯವಾಗಿ ಗುಡುಗಿದವನು. ಗಲಿಲಾಯವನ್ನು ಆಳುತ್ತಿದ್ದ ಹೆರೋದ ಅವನನ್ನು ಸೆರೆಮನೆಗೆ ಹಾಕಿದ. ಅಲ್ಲಿ ಕೂತು ಯೋಹಾನ ತನ್ನ ಶಿಷ್ಯರ ಕೈಲಿ ಯೇಸುವಿಗೆ ಹೇಳಿ ಕಳಿಸುತ್ತಾನೆ: ಬರಬೇಕಾದವನು ನೀನೇನಾ, ಇಲ್ಲ ನಾವು ಇನ್ನೊಬ್ಬನ ಹಾದಿ ನೋಡಬೇಕಾ? ಮತ್ತಾಯನ ಸುವಾರ್ತೆಯ ಹನ್ನೊಂದನೇ ಅಧ್ಯಾಯದಲ್ಲಿ ಇದಿದೆ. ಮೂರು ವರ್ಷಕ್ಕೊಮ್ಮೆ ಈ ಭಾಗವನ್ನು ಓದುತ್ತಾರೆ, ಅದೂ ಸಂತೋಷದ ಭಾನುವಾರ ಅಂತ ಕರೆಯುವ ಮೂರನೇ ವಾರದಲ್ಲಿ. ಯೇಸು ಅವನನ್ನು ಬೈಯಲಿಲ್ಲ. ಕುರುಡರು ನೋಡುತ್ತಿದ್ದಾರೆ, ಬಡವರಿಗೆ ಶುಭಸುದ್ದಿ ತಲುಪುತ್ತಿದೆ ಅಂತ ಹೇಳಿ ಕಳಿಸಿದ. ಆಮೇಲೆ ಜನರ ಕಡೆ ತಿರುಗಿ, ಹೆಂಗಸರಲ್ಲಿ ಹುಟ್ಟಿದವರಲ್ಲಿ ಅವನಿಗಿಂತ ದೊಡ್ಡವನಿಲ್ಲ ಅಂತ ಹೊಗಳಿದ. ಅನುಮಾನ ಕೇಳಿದ ಬೆನ್ನಿಗೇ ಬಂದ ಹೊಗಳಿಕೆ ಅದು.

ಆದರೆ ಸೆರೆಮನೆಯ ಬಾಗಿಲು ತೆರೆಯಲಿಲ್ಲ. ಯೋಹಾನ ಅಲ್ಲೇ ಸತ್ತ. ಇದನ್ನು ಮುಚ್ಚಿಟ್ಟು ಆಗಮನ ಕಾಲದ ಬಗ್ಗೆ ಮಾತಾಡುವವರನ್ನು ನಾನು ಈಗ ನಂಬುವುದಿಲ್ಲ. ನಾವೂ ಆಸ್ಪತ್ರೆಯ ಹೊರಗೆ ಮೊಣಕಾಲೂರಿ ಬೇಡಿದ್ದೆವು. ಬೇಡಿದ್ದು ಸಿಗಲಿಲ್ಲ. ಸಿಗದವರ ಕಥೆಯೂ ಇದರೊಳಗೇ ಇದೆ ಅಂತ ತಿಳಿದ ಮೇಲೆಯೇ ನನಗೆ ಆ ಪುಸ್ತಕವನ್ನು ಮತ್ತೆ ಕೈಗೆತ್ತಿಕೊಳ್ಳಲು ಆಗಿದ್ದು.

ಹೀಗೆ ಕಾದವರಲ್ಲಿ ಇನ್ನೊಬ್ಬಳು ಅನ್ನ ಎಂಬ ಮುದುಕಿ. ಲೂಕನ ಸುವಾರ್ತೆಯಲ್ಲಿ ಅವಳಿಗೆ ಸಿಕ್ಕಿರುವುದು ಮೂರೇ ವಚನ. ಏಳು ವರ್ಷ ಸಂಸಾರ ಮಾಡಿದಳು, ಗಂಡ ತೀರಿಕೊಂಡ. ಲೂಕ 84 ಅನ್ನುವ ಲೆಕ್ಕ ಕೊಡುತ್ತಾನೆ. ಅದು ಅವಳ ವಯಸ್ಸೋ, ವಿಧವೆಯಾಗಿ ಕಳೆದ ವರ್ಷಗಳೋ ಅಂತ ಎರಡು ರೀತಿಯಲ್ಲೂ ಓದುತ್ತಾರೆ. ಹೇಗೆ ಓದಿದರೂ ಬಹಳ ಉದ್ದದ ಒಂಟಿತನ. ಕೂಸು ಯೇಸುವನ್ನು ದೇವಾಲಯಕ್ಕೆ ತಂದಾಗ ಗುರುತು ಹಿಡಿದವರು ಇಬ್ಬರು. ಒಬ್ಬ ಮುದುಕ ಸಿಮೆಯೋನ, ಇನ್ನೊಬ್ಬಳು ಈ ಅನ್ನ. ಅವಳು ಸುಮ್ನೆ ನೋಡಿ ಹೋಗಲಿಲ್ಲ, ಬಿಡುಗಡೆಗಾಗಿ ಕಾಯುತ್ತಿದ್ದವರಿಗೆಲ್ಲ ಆ ಕೂಸಿನ ಸುದ್ದಿ ಹೇಳುತ್ತಾ ಹೋದಳು.

ನಮ್ಮ ಊರುಗಳಲ್ಲಿ ಗಂಡ ಸತ್ತ ಹೆಂಗಸನ್ನು ತೊಟ್ಟಿಲ ಕಾರ್ಯದಲ್ಲಿ ಹಿಂದಕ್ಕೆ ನಿಲ್ಲಿಸುತ್ತಾರೆ. ಕೂಸಿನ ಮುಖ ಮೊದಲು ಅವಳು ನೋಡಬಾರದು ಅಂತಾರೆ. ಕ್ರೈಸ್ತರ ಮನೆಗಳಲ್ಲೂ ಇದು ಪೂರ್ತಿ ಹೋಗಿಲ್ಲ, ನಾನೇ ಕಂಡಿದ್ದೇನೆ. ಆ ಕಣ್ಣಿನಿಂದ ಲೂಕನ ಮೂರು ವಚನ ಓದಿ ನೋಡಿ. ಎಲ್ಲರೂ ಕಾದು ಕೂತಿದ್ದ ಕೂಸನ್ನು ಮೊದಲು ಕಂಡು ಊರಿಗೆ ಹೇಳಿದವರಲ್ಲಿ ಒಬ್ಬಳು ವಿಧವೆ. ದುಃಖ ಅವಳ ಕಣ್ಣು ಕಟ್ಟಲಿಲ್ಲ. ಕಾದು ಕಾದು ಅವಳ ಕಣ್ಣು ಹರಿತವಾಗಿತ್ತು.

ಅಳುವುದರ ಬಗ್ಗೆ ಸ್ವಲ್ಪ ಜಾಸ್ತಿ ಹೇಳಬೇಕು. ಅವ್ವ ಹೋದ ವಾರ ನಮ್ಮ ಮನೆಗೆ ಬಂದವರು ಹತ್ತು ಸಲ ಹೇಳಿದ ಮಾತು ಒಂದೇ: "ಅಳಬ್ಯಾಡ್ರಿ, ದೇವ್ರ ಚಿತ್ತ." ಪ್ರೀತಿಯಿಂದಲೇ ಹೇಳಿದರು. ಆದರೆ ಆ ಮಾತು ಕಣ್ಣೀರನ್ನು ತಪ್ಪು ಮಾಡಿಬಿಡುತ್ತದೆ. ಅಪೊಸ್ತಲ ಪೌಲನು ಥೆಸಲೋನಿಕ ಊರಿನ ಸಭೆಗೆ ಬರೆದದ್ದನ್ನು ಎತ್ತಿ ತೋರಿಸುವವರೂ ಇದ್ದಾರೆ. ಅವನು ಅಳಬೇಡಿ ಅಂತ ಬರೆದಿಲ್ಲ. ನಿರೀಕ್ಷೆಯೇ ಇಲ್ಲದವರ ಹಾಗೆ ದುಃಖಿಸಬೇಡಿ ಅಂತ ಬರೆದಿದ್ದಾನೆ. ಅಂದರೆ ನಿರೀಕ್ಷೆ ಇಟ್ಟುಕೊಂಡೇ ಅಳಬಹುದು. ಬೇಥಾನ್ಯದಲ್ಲಿ ಯೇಸು ಮಾಡಿದ್ದು ಅದನ್ನೇ. ಸತ್ತ ಗೆಳೆಯ ಲಾಜರನನ್ನು ಎಬ್ಬಿಸುತ್ತೇನೆ ಅಂತ ಅವನಿಗೆ ಗೊತ್ತಿತ್ತು. ಆದರೂ ಅತ್ತ.

150 ಕೀರ್ತನೆಗಳಲ್ಲಿ ಹೆಚ್ಚುಕಡಿಮೆ ಮೂರನೇ ಒಂದು ಭಾಗ ಗೋಳಿನ ಕೀರ್ತನೆಗಳು. ಎಲ್ಲಿಯತನಕ ದೇವರೇ ಅಂತ ಕೇಳುವ ಹಾಡುಗಳು. ಅವುಗಳಲ್ಲಿ ಬಹುಪಾಲು ಕೊನೆಗೆ ಸ್ತುತಿಯ ಕಡೆ ತಿರುಗುತ್ತವೆ. 88ನೇ ಕೀರ್ತನೆ ತಿರುಗುವುದೇ ಇಲ್ಲ. ಕತ್ತಲಲ್ಲೇ ಮುಗಿಯುತ್ತದೆ. ಅದನ್ನು ಯಾರೂ ಪುಸ್ತಕದಿಂದ ತೆಗೆದುಹಾಕಲಿಲ್ಲ. ಅಂಥ ದಿನಗಳೂ ದೇವರ ಮುಂದೆ ಇಡಬಹುದಾದ ದಿನಗಳೇ ಅಂತ ಅದರಿಂದ ತಿಳಿಯಬೇಕು.

ಪ್ರಲಾಪಗಳು ಎಂಬ ಪುಸ್ತಕ ಇನ್ನೂ ವಿಚಿತ್ರವಾಗಿ ಕಟ್ಟಿದ್ದು. ಕ್ರಿ.ಪೂ. 586ರ ಸುಮಾರಿಗೆ ಬಾಬೆಲಿನ ಸೈನ್ಯ ಯೆರೂಸಲೇಮನ್ನು ಸುಟ್ಟುಹಾಕಿತು. ಆ ನೋವಿನ ಐದು ಹಾಡುಗಳು ಇಲ್ಲಿವೆ. ಹೀಬ್ರೂ ಅಕ್ಷರಗಳು 22. ಮೊದಲ ಎರಡು ಅಧ್ಯಾಯಕ್ಕೆ 22 ವಚನ, ಕೊನೆಯ ಎರಡಕ್ಕೂ 22. ನಡುವಿನ ಮೂರನೆಯದಕ್ಕೆ ಮಾತ್ರ 66. ಮೊದಲ ನಾಲ್ಕು ಹಾಡುಗಳು ಅಕ್ಷರಮಾಲೆಯ ಕ್ರಮದಲ್ಲೇ ಸಾಗುತ್ತವೆ, ನಮ್ಮಲ್ಲಿ ಅ ಆ ಇ ಈ ಅಂತ ಸಾಲು ಸಾಲಾಗಿ ಶುರು ಮಾಡಿದ ಹಾಗೆ. ದುಃಖ ಚೆಲ್ಲಾಪಿಲ್ಲಿಯಾಗಿದ್ದಾಗ ಹಿಡಿದುಕೊಳ್ಳಲು ಒಂದು ಕಟ್ಟು ಬೇಕು, ಅಲ್ವಾ?

ದೇವರ ಪ್ರೀತಿ ಮುಗಿದುಹೋಗಿಲ್ಲ, ಅದು ಪ್ರತಿ ಬೆಳಗ್ಗೆ ಹೊಸದು ಅನ್ನುವ ಮಾತು ಇಡೀ ಪುಸ್ತಕದ ಹೆಚ್ಚುಕಡಿಮೆ ನಟ್ಟನಡುವೆ, ಮೂರನೇ ಅಧ್ಯಾಯದಲ್ಲಿ ಬರುತ್ತದೆ. ಕೊನೆಯಲ್ಲಿ ಅಲ್ಲ. ಆ ಮಾತು ಹೇಳಿದ ಮೇಲೂ ಕವಿ ಮತ್ತೆ ಅಳುತ್ತಾನೆ. ಪುಸ್ತಕ ಮುಗಿಯುವುದು ದೇವರು ಇನ್ನೂ ಕೋಪದಲ್ಲೇ ಇದ್ದಾನೋ ಏನೋ ಅನ್ನುವ ಸಂಕಟದಲ್ಲಿ. ಒಂದು ದಿನ ಸಮಾಧಾನ ಸಿಕ್ಕಿ, ಮರುದಿನ ಅವ್ವನ ಚಪ್ಪಲಿ ನೋಡಿ ಮತ್ತೆ ಬಿಕ್ಕಿದರೆ ನಂಬಿಕೆ ಜಾರಿತು ಅಂದುಕೊಳ್ಳಬೇಕಾಗಿಲ್ಲ. ದುಃಖದ ನಡೆಯೇ ಹಾಗೆ.

ಇದು ನಮ್ಮ ನೆಲಕ್ಕೆ ಹೊರಗಿನದೇನೂ ಅಲ್ಲ. ಕಲಬುರಗಿ, ಬೀದರ್, ಯಾದಗಿರಿ ಹಳ್ಳಿಗಳಲ್ಲಿ ಮೊಹರಂ ಬಂದರೆ ಬೆಂಕಿ ಹಾಕುವ ಅಲಾಯಿ ಕುಣಿಯ ಸುತ್ತ ಎಲ್ಲ ಜಾತಿಯವರು ಸೇರುತ್ತಾರೆ. ರಿವಾಯತ ಪದ ಹಾಡುತ್ತಾರೆ, ಪ್ರವಾದಿಯ ಮೊಮ್ಮಗ ಹುಸೇನ್ ಕರ್ಬಲಾದಲ್ಲಿ ಸತ್ತ ಗೋಳನ್ನು ಅಪ್ಪಟ ಕನ್ನಡದಲ್ಲಿ. ಸಾವಿನ ಮನೆಯಲ್ಲಿ ನಮ್ಮ ಹಿರಿಯ ಹೆಂಗಸರು ಹಾಡ್ಯಾಡಿ ಅಳುತ್ತಾರೆ. ಸತ್ತವರ ಒಂದೊಂದೇ ಗುಣ ಹೆಸರಿಸಿ, ದೇವರನ್ನೂ ಬಿಡದೆ ಕೇಳುತ್ತಾರೆ. ಪ್ರವಾದಿ ಯೆರೆಮೀಯನ ಕಾಲದ ಯೆರೂಸಲೇಮಿಗೂ ನಮ್ಮ ಅಂಗಳಕ್ಕೂ ಇಲ್ಲಿ ದೂರ ಕಮ್ಮಿ. ಓದು ಕಲಿತ ನಮ್ಮ ತಲೆಮಾರಿಗೆ ಹಾಡ್ಯಾಡಿ ಅಳುವುದು ನಾಚಿಕೆಯಾಗಿಬಿಟ್ಟಿದೆ. ಅದನ್ನು ಕಳೆದುಕೊಂಡು ನಾವು ಬಡವರಾದೆವು ಅಂತ ನನಗೆ ಅನ್ನಿಸುತ್ತದೆ.

ಹಾಗಾದರೆ ದೇವರ ಪ್ರೀತಿ ಎಲ್ಲಿದೆ? ದುಃಖದಲ್ಲಿರುವವರು ಕೇಳುವ ನಿಜವಾದ ಪ್ರಶ್ನೆ ಇದೇ. ಪ್ರೀತಿಸುವವನು ಬದುಕಿಸಬಹುದಿತ್ತಲ್ಲ?

ಇದಕ್ಕೆ ಪೂರ್ತಿ ಉತ್ತರ ಬೈಬಲಿನಲ್ಲಿ ನನಗೆ ಸಿಕ್ಕಿಲ್ಲ. ಸಿಕ್ಕಿದ್ದು ಒಂದು ಹೆಸರು. ಇಮ್ಮಾನುವೇಲ್, ದೇವರು ನಮ್ಮ ಜೊತೆ. ಆಗಮನ ಕಾಲದ ಎಲ್ಲ ಕಾಯುವಿಕೆಯೂ ಆ ಹೆಸರಿನ ಕಡೆಗೆ. ಮೇಲಿನಿಂದ ದುಃಖವನ್ನು ಒರೆಸಿಹಾಕುವ ದೇವರಲ್ಲ, ದುಃಖದ ಮನೆಯೊಳಗೆ ಬಂದು ಕೂರುವ ದೇವರು. ಬಂದ ಮನೆಯೂ ಸುರಕ್ಷಿತವಾಗಿರಲಿಲ್ಲ. ಕ್ರಿಸ್‌ಮಸ್ ನಾಟಕಗಳಲ್ಲಿ ನಾವು ಜ್ಞಾನಿಗಳು ಉಡುಗೊರೆ ಕೊಡುವಲ್ಲಿಗೆ ಪರದೆ ಎಳೆದುಬಿಡುತ್ತೇವೆ. ಮತ್ತಾಯ ಅಲ್ಲಿಗೆ ನಿಲ್ಲಿಸುವುದಿಲ್ಲ. ಅರಸ ಹೆರೋದ, ಯೋಹಾನನನ್ನು ಸೆರೆಗೆ ಹಾಕಿದವನ ಅಪ್ಪ, ಬೇತ್ಲೆಹೇಮಿನ ಕೂಸುಗಳನ್ನು ಕೊಲ್ಲಿಸುತ್ತಾನೆ. ಮಕ್ಕಳಿಗಾಗಿ ಅತ್ತು, ಸಮಾಧಾನ ಬೇಡ ಅನ್ನುವ, ಇಸ್ರಾಯೇಲರ ಮೂಲತಾಯಿ ರಾಹೇಲಳ ಅಳುವನ್ನು ಮತ್ತಾಯ ಯೆರೆಮೀಯನ ಪುಸ್ತಕದಿಂದ ತಂದು ಕ್ರಿಸ್‌ಮಸ್ ಕಥೆಯೊಳಗೇ ಇಡುತ್ತಾನೆ. ಅವಳ ಬಾಯಿ ಮುಚ್ಚಿಸುವುದಿಲ್ಲ.

ಹಳೆಯ ಒಡಂಬಡಿಕೆಯಲ್ಲಿ ದೇವರ ಪ್ರೀತಿಗೆ 'ಹೆಸೆದ್' ಅನ್ನುವ ಪದ ಮತ್ತೆ ಮತ್ತೆ ಬರುತ್ತದೆ. ಪ್ರಲಾಪಗಳ ನಡುವಿನ ಆ ಮಾತಿನಲ್ಲೂ ಅದೇ ಇದೆ. ಅದನ್ನು ಒಂದೇ ಪದದಲ್ಲಿ ಕನ್ನಡಕ್ಕೆ ತರುವುದು ಕಷ್ಟ. ಕೃಪೆ ಅನ್ನಬಹುದು, ಕರುಣೆ ಅನ್ನಬಹುದು. ಕೈಹಿಡಿದ ಮೇಲೆ ಬಿಡದಿರುವುದು ಅಂದರೆ ಹತ್ತಿರ ಬರುತ್ತದೆ. ಅದು ಒಂದು ಭಾವನೆ ಅಲ್ಲ. ಹಾಗಾಗಿ ನನಗೆ ಏನೂ ಅನ್ನಿಸದ ದಿನವೂ ಅದು ಇಲ್ಲ ಅಂತ ಅರ್ಥ ಅಲ್ಲ. ಪ್ರಾರ್ಥನೆಗೆ ಮಾತೇ ಬರದಿದ್ದಾಗ ಪವಿತ್ರಾತ್ಮನು ಮಾತಿಲ್ಲದ ನರಳಾಟದಿಂದ ನಮಗಾಗಿ ಬೇಡುತ್ತಾನೆ ಅಂತ ಪೌಲ ರೋಮಾಪುರದವರಿಗೆ ಬರೆದ. ನಾನು ಆ ಡಿಸೆಂಬರ್‌ನಲ್ಲಿ ಮಾಡಿದ ಪ್ರಾರ್ಥನೆ ಅಷ್ಟೇ. ಮಾತಿರಲಿಲ್ಲ.

ಪ್ರೀತಿ ಬಂದದ್ದು ಮಾತ್ರ ಮನುಷ್ಯರ ಕೈಯಲ್ಲಿ. ಪಕ್ಕದ ಮನೆಯ ಆಯಿ ಒಂದು ಸಂಜೆ ತಾಟಿನ ಮೇಲೆ ತಾಟು ಮುಚ್ಚಿ ತಂದರು. ಬಿಸಿ ಜೋಳದ ರೊಟ್ಟಿ, ಪುಂಡಿ ಪಲ್ಯ. ನಾನು ದೇವರ ಬಗ್ಗೆ ಏನೋ ಕೇಳಲು ಹೋದೆ. "ಮೊದ್ಲ ಉಣ್ಣವ್ವ" ಅಂದರು. ನಾನು ಉಂಡು ಮುಗಿಸುವ ತನಕ ಎದುರಿಗೇ ಕೂತಿದ್ದರು. ಬೈಬಲಿನಲ್ಲಿ ಮಕ್ಕಳು, ಆಸ್ತಿ ಎಲ್ಲ ಕಳೆದುಕೊಂಡ ಯೋಬನ ಗೆಳೆಯರು ಏಳು ದಿನ ಅವನ ಜೊತೆ ಸುಮ್ಮನೆ ನೆಲದ ಮೇಲೆ ಕೂತರು. ಅವರು ಕೆಟ್ಟಿದ್ದು ಬಾಯಿ ತೆರೆದ ಮೇಲೆ. ಆಯಿಗೆ ಆ ಕಥೆ ಗೊತ್ತಿತ್ತೋ ಇಲ್ಲವೋ, ಅವರು ಏಳು ದಿನದ ಕೆಲಸವನ್ನು ಅರ್ಧ ಗಂಟೆಯಲ್ಲಿ ಮಾಡಿ ಹೋದರು.

ದುಃಖದ ಬಗ್ಗೆ ವೈದ್ಯರು ತಿಳಿದುಕೊಂಡಿರುವುದನ್ನೂ ಸ್ವಲ್ಪ ಹೇಳುತ್ತೇನೆ. 1969ರಲ್ಲಿ ಎಲಿಸಬೆತ್ ಕ್ಯೂಬ್ಲರ್-ರಾಸ್ ಎಂಬ ವೈದ್ಯೆ ಬರೆದ, ಸಾವಿನ ಮುಂದೆ ಮನಸ್ಸು ಐದು ಹಂತ ದಾಟುತ್ತದೆ ಅನ್ನೋ ಮಾತು ಎಲ್ಲ ಕಡೆ ಹರಡಿದೆ. ಅವರು ಮಾತಾಡಿಸಿದ್ದು ಸಾವಿನ ಹತ್ತಿರ ಇದ್ದ ರೋಗಿಗಳನ್ನು. ಉಳಿದವರ ದುಃಖ ಮೆಟ್ಟಿಲ ಹಾಗೆ ಒಂದಾದ ಮೇಲೆ ಒಂದು ಹತ್ತುವುದಿಲ್ಲ. 1999ರಲ್ಲಿ ಸ್ಟ್ರೋಬೆ ಮತ್ತು ಶುಟ್ ಎಂಬ ಇಬ್ಬರು ಸಂಶೋಧಕರು ಬೇರೆ ಚಿತ್ರ ಕೊಟ್ಟರು: ಮನಸ್ಸು ನೋವಿನ ಕಡೆ ಒಮ್ಮೆ, ಬದುಕಿನ ಕೆಲಸದ ಕಡೆ ಒಮ್ಮೆ, ಹೀಗೆ ಆಚೆ ಈಚೆ ತೂಗುತ್ತದೆ. ಅದು ಆರೋಗ್ಯವೇ. ಬೆಳಿಗ್ಗೆ ತೊಗರಿ ರಾಶಿಗೆ ಹೋಗಿ ನಕ್ಕು ಮಾತಾಡಿ, ರಾತ್ರಿ ಅತ್ತರೆ ಎರಡೂ ನಿಜ.

ಆದರೆ ಆರು ತಿಂಗಳು, ವರ್ಷ ಕಳೆದರೂ ಊಟ, ನಿದ್ದೆ, ಕೆಲಸ ಯಾವುದೂ ಹಳಿಗೆ ಬಾರದಿದ್ದರೆ, ಬದುಕೇ ಬೇಡ ಅನ್ನಿಸಿದರೆ, ಅದು ನಂಬಿಕೆಯ ಕೊರತೆ ಅಲ್ಲ. ನೆರವು ಬೇಕು ಅಂತ ಅರ್ಥ. ಬದುಕು ಬೇಡ ಅನ್ನಿಸಿದಾಗಲಂತೂ ತಿಂಗಳುಗಟ್ಟಲೆ ಕಾಯಬಾರದು, ಅವತ್ತೇ ಯಾರಿಗಾದರೂ ಹೇಳಬೇಕು. ಸರ್ಕಾರದ ಟೆಲಿ-ಮಾನಸ್ ಸಹಾಯವಾಣಿ 14416ಕ್ಕೆ ಯಾವ ಹೊತ್ತಿನಲ್ಲಾದರೂ ಕರೆ ಮಾಡಬಹುದು, ದುಡ್ಡಿಲ್ಲ, ಕನ್ನಡದಲ್ಲೇ ಮಾತಾಡಬಹುದು. ಪ್ರಾರ್ಥನೆ ಮಾಡುವವರು ವೈದ್ಯರ ಹತ್ತಿರ ಹೋಗಬಾರದು ಅಂತ ಎಲ್ಲೂ ಬರೆದಿಲ್ಲ.

ಈ ನಾಲ್ಕು ವಾರ ದುಃಖದ ಮನೆಯವರು ಏನು ಮಾಡಬಹುದು? ನಮ್ಮ ಮನೆಯಲ್ಲಿ ಆದದ್ದನ್ನು ಹೇಳುತ್ತೇನೆ, ನಿಮ್ಮದು ಬೇರೆ ಇರಬಹುದು. ನಾವು ದಿನಾ ಸಂಜೆ ಒಂದು ಸ್ಟೀಲ್ ತಾಟಿನಲ್ಲಿ ಬತ್ತಿ ಹಚ್ಚಿ, ಒಂದು ಕೀರ್ತನೆ ಓದಿ ಆರಿಸುತ್ತಿದ್ದೆವು. ಅದಕ್ಕಿಂತ ಜಾಸ್ತಿ ಇಲ್ಲ. ಬೀದರ್ ಚಳಿಯಲ್ಲಿ ಎಲ್ಲರೂ ರಗ್ಗು ಹೊದ್ದು ಹತ್ತಿರ ಹತ್ತಿರ ಕೂರುತ್ತಿದ್ದೆವು. ಪ್ರೀ-ಕ್ರಿಸ್‌ಮಸ್ ಊಟಗಳಿಗೆ ಹೋಗಲಿಲ್ಲ. ಕರೆದವರಿಗೆ ನಿಜವನ್ನೇ ಹೇಳಿದೆವು, ಯಾರೂ ಬೇಜಾರು ಮಾಡಿಕೊಳ್ಳಲಿಲ್ಲ. ಅವ್ವನ ಹೆಸರನ್ನು ನುಂಗಿಕೊಳ್ಳುವುದನ್ನು ಬಿಟ್ಟೆವು. ಊಟಕ್ಕೆ ಕೂತಾಗ ಹುಡುಗರು "ಅಜ್ಜಿ ಇದಕ್ಕ ಇನ್ನಾ ಖಾರ ಹಾಕ್ತಿದ್ಳು" ಅಂದರೆ ಯಾರೂ ಸುಮ್ಮನಿರು ಅನ್ನುತ್ತಿರಲಿಲ್ಲ.

ಮೂರನೇ ವಾರ ವೈನಿ ಅಡುಗೆಮನೆಯ ಡಬ್ಬಿ ಸರಿಸುವಾಗ ಅವ್ವನ ಕರ್ಚಿಕಾಯಿ ಕತ್ತರಿಸುವ ಹಿತ್ತಾಳೆ ಚಕ್ರ ಸಿಕ್ಕಿತು. ಬೆರಳುದ್ದದ ಹಿಡಿ, ರೂಪಾಯಿ ಅಗಲದ ಹಲ್ಲಿನ ಚಕ್ರ. ಹಲ್ಲುಗಳ ಸಂದಿಯಲ್ಲಿ ಹಿಂದಿನ ವರ್ಷದ ಹಿಟ್ಟು ಒಣಗಿ ಗಟ್ಟಿಯಾಗಿತ್ತು. ಅವ್ವ ಎಲ್ಲ ಪಾತ್ರೆಯನ್ನೂ ಲಕಲಕ ಅನ್ನಿಸುವವಳು, ಇದೊಂದನ್ನು ಹೇಗೆ ಬಿಟ್ಟಳೋ. ವೈನಿ ಅದನ್ನು ತೊಳೆಯಲು ನಲ್ಲಿ ತಿರುಗಿಸಿದವರು ಮತ್ತೆ ಬಂದ್ ಮಾಡಿದರು. ನನ್ನ ಕಡೆ ನೋಡಿದರು. ಇಬ್ಬರೂ ಅಲ್ಲೇ ನೆಲದ ಮೇಲೆ ಕೂತು ಅತ್ತೆವು. ಆಮೇಲೆ ತೊಳೆದೆವು. ಒಂದೇ ತಾಟು ಕರ್ಚಿಕಾಯಿ ಮಾಡಿ ಆಯಿಯ ಮನೆಗೆ ಕೊಟ್ಟು ಬಂದೆವು. ಖಾಲಿ ತಾಟು ವಾಪಸ್ ಕೊಡಬಾರದಲ್ಲ.

ಡಿಸೆಂಬರ್ 21ರ ಆಸುಪಾಸಿನದು ವರ್ಷದ ಅತಿ ಉದ್ದದ ರಾತ್ರಿ. ಬೇರೆ ದೇಶಗಳ ಹಲವು ಚರ್ಚುಗಳಲ್ಲಿ ಅವತ್ತು ದುಃಖದಲ್ಲಿರುವವರಿಗಾಗಿಯೇ ಒಂದು ಮೌನದ ಆರಾಧನೆ ಇಡುತ್ತಾರೆ. 'ನೀಲಿ ಕ್ರಿಸ್‌ಮಸ್' ಅಂತಲೂ ಕರೆಯುತ್ತಾರೆ. ಕ್ಯಾಥೊಲಿಕರ ಹಳೆಯ ಸಂಪ್ರದಾಯದಲ್ಲಿ ಡಿಸೆಂಬರ್ 17ರಿಂದ 23ರವರೆಗೆ ದಿನಕ್ಕೊಂದರಂತೆ ಕ್ರಿಸ್ತನನ್ನು ಬಾ ಅಂತ ಕರೆಯುವ ಏಳು ಹಾಡುಗಳಿವೆ. 21ರಂದು ಹಾಡುವುದು ಮೂಡಣದ ಬೆಳಕೇ, ಕತ್ತಲಲ್ಲಿ ಕೂತವರ ಹತ್ತಿರ ಬಾ ಅನ್ನುವ ಹಾಡು. ನಮ್ಮ ಮೂರು ಜಿಲ್ಲೆಗಳ ಚರ್ಚುಗಳೂ, 2005ರಲ್ಲಿ ಶುರುವಾದ ಕ್ಯಾಥೊಲಿಕರ ಕಲಬುರಗಿ ಧರ್ಮಕ್ಷೇತ್ರದವರಾಗಲಿ ನಮ್ಮ ಮೆಥೋಡಿಸ್ಟ್ ಸಭೆಗಳಾಗಲಿ, ವರ್ಷಕ್ಕೊಂದು ಸಂಜೆ ಇದಕ್ಕೆ ಕೊಡಬೇಕು ಅಂತ ನನ್ನ ಮನಸಾರೆ ಕೋರಿಕೆ. ಆ ವರ್ಷ ತೀರಿಕೊಂಡವರ ಹೆಸರು ಓದಿದರೆ ಸಾಕು. ಪ್ರಸಂಗ ಬೇಡ.

ಆ ವಾರವೇ ಒಂದು ರಾತ್ರಿ ಮನೆಮನೆಗೆ ಹೋಗಿ ಕ್ರಿಸ್‌ಮಸ್ ಹಾಡು ಹಾಡುವ ಕ್ಯಾರಲ್ ಹುಡುಗರು ಬಂದರು. ಓಣಿಯ ಆ ತುದಿಯಿಂದ ಡೋಲಕ್ ಸದ್ದು ಹತ್ತಿರ ಹತ್ತಿರ ಆಗುತ್ತಾ ಬಂದು, ನಮ್ಮ ಗೇಟಿನ ಮುಂದೆ ನಿಂತಿತು. ಮನೆ ಮುಂದೆ ಬೆಳಕಿರಲಿಲ್ಲ. ಹುಡುಗನೊಬ್ಬ ಮೆಲ್ಲಗೆ ಕೇಳಿದ: "ಕಾಕಾ, ಬರೋಣೋ, ಮುಂದ ಹೋಗೋಣೋ?"

ಅಪ್ಪ ಬಹಳ ಹೊತ್ತು ಸುಮ್ಮನಿದ್ದ. "ಬರ್ರಿ. ಡೋಲಕ್ ಬ್ಯಾ‌ಡ" ಅಂದ.

ಅಂಗಳದಲ್ಲಿ ಒಂದೇ ಲಾಟೀನು ಇಟ್ಟು, ಅವ್ವ ಒಲೆ ಮುಂದೆ ಗುನುಗುತ್ತಿದ್ದ ಒಂದು ನಿಧಾನದ ಹಾಡು ಹಾಡಿದರು. ನಡುವೆ ಯಾರೋ ಸಾಲು ಮರೆತರು. ಅಪ್ಪ ಎತ್ತಿಕೊಟ್ಟ. ಅವರು ಹೋದ ಮೇಲೆ ಅವನೇ ಅಟ್ಟ ಹತ್ತಿ ಆ ಸೀರೆಯ ಗಂಟನ್ನು ಇಳಿಸಿದ. ಅಣ್ಣ ಕತ್ತರಿ ತಂದ. ಅಪ್ಪ ಬೇಡ ಅಂದು, ಉಗುರಿನಿಂದ ಗಂಟನ್ನು ಸ್ವಲ್ಪ ಸ್ವಲ್ಪವೇ ಬಿಚ್ಚುತ್ತಾ ಕೂತ. ಹತ್ತು ನಿಮಿಷ ಹಿಡಿಯಿತು. ಸೀರೆಯನ್ನು ಮಡಚಿ ತೊಡೆಯ ಮೇಲೆ ಇಟ್ಟುಕೊಂಡ. ನಕ್ಷತ್ರದ ಒಂದು ಮೂಲೆ ಹರಿದಿತ್ತು. ವೈನಿ ಮೈದಾ ಕಲಸಿ ಅಂಟು ಕಾಯಿಸಲು ಒಲೆ ಹಚ್ಚಿದರು.